ನಿತೇಶನ ಬಲ ಭುಜ

ಪ್ರೀತಿಯ ಸುಧಾಕರಣ್ಣ,

ನಿಮ್ಮ ಶವಪೆಟ್ಟಿಗೆಯನ್ನು ಊರಿಗೆ ಕಳಿಸಲು ಇಲ್ಲಿಯ ಏರ್‌ಪೋರ್ಟಿನ ಕಾರ್ಗೋ ಗೇಟಿನೊಳಗೆ ತಳ್ಳಿದ ದಿನ ನಾನು ಗೊಳೋ ಎಂದು ಅತ್ತೆನೆಂದು ನಮ್ಮ ಕ್ರಿಕೆಟ್ ತಂಡದವರು ಈಗಲೂ ಹೇಳುತ್ತಾರೆ. ಅತ್ತದ್ದು ನಿಜ. ಅಳುವಿನ ಅಡಿಯಲ್ಲಿ ಒಂದು ನೆಮ್ಮದಿಯೂ ಇತ್ತು, ಇನ್ನು ನನ್ನನ್ನು ಕೇಳುವವರಿಲ್ಲ ಎಂಬ ನೆಮ್ಮದಿ. ಅದು ಅವರಿಗೆ ಕಾಣಲಿಲ್ಲ. ತೀರಿಕೊಂಡವರಿಗೆ ಬರೆಯುವಾಗ ಹೊಗಳಬೇಕಂತೆ. ನಿಮ್ಮ ಬ್ಯಾಟಿಂಗನ್ನು ಹೊಗಳಲು ನನ್ನಿಂದ ಸಾಧ್ಯವಿಲ್ಲ, ನಿಮ್ಮ ಒಳ್ಳೆಯತನವನ್ನು ಹೊಗಳಿದರೆ ಪೆಟ್ಟು ನನಗೇ ಬೀಳುತ್ತದೆ. ಅದಕ್ಕೇ ನಿತೇಶನ ಸುದ್ದಿ ಬರೆಯುತ್ತಿದ್ದೇನೆ.

ಇಂಡಸ್ಟ್ರಿಯಲ್ ಏರಿಯಾದ ಗೋದಾಮುಗಳ ಹಿಂದಿನ ಮಣ್ಣಿನ ಗ್ರೌಂಡಿನಲ್ಲಿ ಅವನನ್ನು ಮೊದಲ ಸಲ ಕಂಡ ಶುಕ್ರವಾರ ನೆನಪಿದೆಯೇ? ಇಪ್ಪತ್ತೊಂದು ವರ್ಷದ ಹುಡುಗ, ಎ.ಸಿ. ಡಕ್ಟ್ ಹಾಕುವ ಕಂಪನಿಯಲ್ಲಿ ಹೆಲ್ಪರ್. ಯಾರೋ ಬಂದಿಲ್ಲವೆಂದು ಅವನನ್ನು ಚಪ್ಪಲಿಯಲ್ಲೇ ಫೀಲ್ಡಿಂಗಿಗೆ ಪಾಯಿಂಟ್‌ನಲ್ಲಿ ನಿಲ್ಲಿಸಿದ್ದರು. ಟೆನಿಸ್ ಬಾಲ್ ಕಲ್ಲಿಗೆ ತಾಗಿ ಎತ್ತ ಜಿಗಿಯುತ್ತದೆಂದು ದೇವರಿಗೂ ತಿಳಿಯದ ನೆಲ ಅದು. ಅವನು ಎಡಕ್ಕೆ ಬಿದ್ದು ಹಿಡಿದ, ಪೂರ್ತಿ ಏಳುವ ಮೊದಲೇ ಎಸೆದ, ಸ್ಟಂಪ್ ಹಾರಿತು. ನೀವು ಚಹಾದ ಲೋಟ ಕೆಳಗಿಟ್ಟು, "ಯಶು, ಇವ ನಮ್ಗೆ ಬೇಕು" ಎಂದಿರಿ. ಆಮೇಲೆ ಅವನು ಬ್ಯಾಟು ಹಿಡಿದ. ಮೂರನೇ ಬಾಲಿಗೆ ಔಟಾದ. ನಾನು ನಕ್ಕೆ.

ಅಲ್ ರಯ್ಯಾನ್ ಕಡೆಗೆ ನಿಮ್ಮ ಕಾರಿನಲ್ಲಿ ವಾಪಸು ಬರುವಾಗ ನಡೆದ ಜಗಳ ನನಗೆ ಮಾತು ಮಾತೂ ನೆನಪಿದೆ.

"ಹತ್ತು ರನ್ ಹೊಡೆಯುದೂ ಒಂದೇ, ಹತ್ತು ರನ್ ತಡೆಯುದೂ ಒಂದೇ ಅಲ್ವಾ ಮಾರಾಯ?" ಎಂದಿರಿ.

"ಹೊಡೆದದ್ದು ಸ್ಕೋರ್ ಶೀಟಲ್ಲಿ ಬರ್ತದೆ. ತಡೆದದ್ದನ್ನು ಯಾರು ಬರೀತಾರೆ?"

"ನಾವು ಬರೆಯುವ. ಎರಡು ವರ್ಷ ಕೊಟ್ಟು ನೋಡು. ಬ್ಯಾಟಿಂಗ್ ಕಲಿಸ್ಲಿಕ್ಕೆ ಆಗ್ತದೆ, ಆ ಕೈ ಕಲಿಸ್ಲಿಕ್ಕೆ ಆಗುದಿಲ್ಲ. ಇಲ್ಲಿಯ ದೇಶದ ಟೀಮಿಗೇ ಆಡಿಯಾನು ಅವ."

"ಮೊದ್ಲು ಲೇಬರ್ ಕ್ಯಾಂಪಲ್ಲಿ ಅವನಿಗೆ ಕೆಳಗಿನ ಮಂಚ ಸಿಗ್ಲಿ" ಎಂದೆ ನಾನು. ನೀವು ನಗಲಿಲ್ಲ. ಆಟಗಾರನನ್ನು ಹತ್ತು ನಿಮಿಷ ನೋಡಿ, ಅವನು ಎಲ್ಲಿಯವರೆಗೆ ಹೋದಾನು ಎಂದು ಹೇಳುವವನೆಂದು ಇಲ್ಲಿ ನನಗೆ ಹೆಸರು. ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನ ಹಿಂದೆ ಹದಿನಾರು ವರ್ಷ ನಿಂತವನಿಗೆ ಬೇರೆ ಯಾವ ಹೆಸರು ಇದ್ದೀತು? ಆ ಹುಡುಗ ದೊಡ್ಡವನಾಗುತ್ತಾನೆ ಎಂದು ನನಗಿಂತ ಮೊದಲು ನೀವು ಹೇಳಿಬಿಟ್ಟಿರಿ. ನನಗೆ ಉರಿಯಿತು, ಅಷ್ಟೇ.

ಹರಾಜಿಗೆ ಮುಂಚಿನ ಆ ಎರಡು ವಾರಗಳನ್ನು ನಾವು ಎಷ್ಟು ವರ್ಷ ಒಟ್ಟಿಗೆ ಕಳೆದೆವು! ಸೀಸನ್ ಶುರುವಾಗುವ ಮೊದಲು ಒಂದು ಹೋಟೆಲಿನ ಹಾಲಿನಲ್ಲಿ ಆಟಗಾರರ ಹರಾಜು, ಕೊಳ್ಳಲು ದುಡ್ಡಿನ ಬದಲು ಎಲ್ಲ ತಂಡಕ್ಕೂ ಸಮ ಪಾಯಿಂಟು. ನಮಗೆ ಬೇಕಾದವನು ಅಗ್ಗಕ್ಕೆ ಸಿಗಬೇಕಾದರೆ ಅವನನ್ನು ಮೊದಲೇ "ಇಳಿಸಬೇಕು". ಮಂಡಿ ನೋವಂತೆ, ರಜೆಯಲ್ಲಿ ಊರಿಗೆ ಹೋಗುತ್ತಾನಂತೆ, ಸಿಟ್ಟಿನವನಂತೆ ಎಂದು ಅಲ್ಲೊಂದು ಇಲ್ಲೊಂದು ಮಾತು ಬಿಡಬೇಕು. ಈ ವಿದ್ಯೆಗೆ ನನ್ನ ಗುರು ನೀವೇ ಅಲ್ಲವೇ? ಆದರೆ ನಿತೇಶನ ವಿಷಯ ಬಂದಾಗ ನೀವು ತಡೆದಿರಿ.

"ಇವನನ್ನು ಇಳಿಸುದು ಬೇಡ ಯಶು. ಇವ ದುಡೀಲಿಕ್ಕೆ ಬಂದವ. ಕೈಕಾಲು ಸರಿ ಇಲ್ಲ ಅಂತ ಊರಿಡೀ ಹಬ್ಬಿದ್ರೆ ನಾಳೆ ಅವನಿಗೆ ಕೆಲಸ ಯಾರು ಕೊಡ್ತಾರೆ?"

"ಆಯ್ತು, ಬೇಡ" ಎಂದೆ.

ಅದೇ ಸಂಜೆ ಡಿಸೋಜಾ ಸಾರ್ ಫೋನು ಮಾಡಿದರು. ಅವರ ಆಸೆ ನಿಮಗೆ ಗೊತ್ತೇ ಇದೆ. ರಾಸ್ ಲಫಾನಿನಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಮ್ಯಾನೇಜರ್, ಲೀಗಿನಲ್ಲಿ ಸ್ವಂತ ತಂಡ, ಒಳ್ಳೆಯ ಆಟಗಾರ ಕಂಡರೆ ಕರೆದು ಸ್ಟೋರಿನಲ್ಲಿ ಕೆಲಸ ಕೊಡುವ ಖಯಾಲಿ. "ಯಶವಂತಾ, ಆ ಪಾಯಿಂಟ್‌ನ ಹುಡುಗ ಹೇಗೆ?" ಎಂದು ಕೇಳಿದರು. ನನ್ನ ನಾಲಿಗೆಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಕೈ ಚಿನ್ನ ಸಾರ್. ಆದ್ರೆ ಬಲ ಭುಜ ಒಳಗಿಂದ ಹೋಗಿದೆ. ಇಂಜೆಕ್ಷನ್ ತಗೊಂಡು ಎಸೀತಾನೆ. ಜಾಸ್ತಿ ಅಂದ್ರೆ ಒಂದು ವರ್ಷ."

"ಛೆ, ಪಾಪ!" ಎಂದರು ಅವರು. ಇಂಜೆಕ್ಷನ್ ಎಂಬುದು ಹೇಗೆ ಹೊಳೆಯಿತೋ, ಅದೊಂದು ಸೇರಿಸಿದ್ದರಿಂದ ಸುಳ್ಳು ಗಟ್ಟಿಯಾಯಿತು. ಇನ್ನು ಹುಡುಗ ಎಷ್ಟು ಚೆನ್ನಾಗಿ ಎಸೆದರೂ ಅದು ಇಂಜೆಕ್ಷನ್ನಿನ ಮಹಿಮೆ! ಮರುದಿನ ಇನ್ನೂ ನಾಲ್ಕು ಜನರ ಕಿವಿಗೆ ನಾನೇ ಹಾಕಿದೆ.

ಹರಾಜಿನ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹೆಸರು ಕರೆದರು, ಮುಂದೆ ಹೋಗಿ ಕೈ ಹಿಂದೆ ಕಟ್ಟಿ ನಿಂತ. ಯಾರೂ ಕೈ ಎತ್ತಲಿಲ್ಲ. ಕರೆಯುವವನು ಎರಡನೇ ಸಲ ಹೆಸರು ಹೇಳಿದ. ಹಿಂದಿನಿಂದ ಯಾರೋ ಕೊಳ್ಳುವವರೇ ಇಲ್ಲ ಎಂಬಂತೆ ಅರಬಿಯಲ್ಲಿ "ಮಾಫಿ, ಮಾಫಿ" ಎಂದ, ಹಾಲಿಗೆ ಹಾಲೇ ನಕ್ಕಿತು. ಹುಡುಗನೂ ನಕ್ಕ, ಏನು ಮಾಡಬೇಕೆಂದು ತಿಳಿಯದವರು ನಗುವ ಹಾಗೆ. ಮೂರನೇ ಸಲ ಕರೆದಾಗ ನಾನು ಕೈ ಎತ್ತಿದೆ. ಎಲ್ಲಕ್ಕಿಂತ ಕೆಳಗಿನ ಬೆಲೆಗೆ ಅವನು ನಮ್ಮವನಾದ, ಉಳಿದ ಪಾಯಿಂಟಿಗೆ ನನಗೆ ಬೇಕಾಗಿದ್ದ ಬ್ಯಾಟ್ಸ್‌ಮನ್ ಬಂದ. ಊಟಕ್ಕೆ ನಿಂತಾಗ ನಿತೇಶ ನನ್ನ ಹತ್ತಿರ ಬಂದು, "ಥ್ಯಾಂಕ್ಸ್ ಅಣ್ಣ, ನೀವಾದ್ರೂ ತಗೊಂಡ್ರಿ" ಎಂದ. ನಾನು ಅವನ ಬೆನ್ನು ತಟ್ಟಿದೆ.

ಕಾರಿನಲ್ಲಿ ಕೂತ ಮೇಲೆ ನೀವು ಕೀಲಿ ತಿರುಗಿಸಲಿಲ್ಲ. "ಎಂತ ಹೇಳಿದ್ದು ನೀನು? ಯಾರಿಗೆಲ್ಲ ಹೇಳಿದ್ದು?" ಎಂದು ಕೇಳಿದಿರಿ. ಎಲ್ಲ ಹೇಳಿದೆ. ನಿಮ್ಮ ಬಾಯಿಂದ ಅಂಥ ಬೈಗುಳ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ನಿನ್ನ ನಾಲಿಗೆಗೆ ಹುಳ ಬೀಳ್ಲಿ ಮಾರಾಯ, ಅದು ಅವನ ಅನ್ನ!" ಎಂದಿರಿ. ಆಮೇಲೆ ನಿಮ್ಮ ಎಂದಿನ ಮೆದು ಮನಸ್ಸು ಬಂತು. ಸೀಸನ್ ಮುಗಿದ ಕೂಡಲೇ ನಾನೇ ಡಿಸೋಜಾ ಸಾರ್ ಮುಂದೆ ನಿಂತು, ಅದು ಸುಳ್ಳು ಎಂದು ಹೇಳಬೇಕು. ನಾನು ಹೇಳದಿದ್ದರೆ ನೀವು ಹೇಳುತ್ತೀರಿ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಏಕೆ ಕಾಯಬೇಕಿತ್ತು ನೀವು? ಅವತ್ತೇ ಹೇಳಿಬಿಟ್ಟಿದ್ದರೆ... ನಿಮಗೂ ಲೀಗಿನ ಕಪ್ಪು ಬೇಕಿತ್ತು ಸುಧಾಕರಣ್ಣ. ಇಷ್ಟಾದರೂ ಒಪ್ಪಿಕೊಳ್ಳಿ.

ಫೈನಲಿನ ಕೊನೆಯ ಓವರಿನಲ್ಲಿ ಅವನು ಮಾಡಿದ ರನೌಟು ನೋಡಿ ನೀವು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದಿರಿ. ಕಪ್ಪು ಬಂತು. ಒಂಬತ್ತನೇ ದಿನ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವರು ನೀವು ಮತ್ತೆ ಏಳಲಿಲ್ಲ. ನಿಮ್ಮ ಪೆಟ್ಟಿಗೆಯ ಒಂದು ಮೂಲೆಗೆ ನಾನು ಕೈ ಕೊಟ್ಟಿದ್ದೆ, ಇನ್ನೊಂದಕ್ಕೆ ನಿತೇಶ ಹೆಗಲು ಕೊಟ್ಟಿದ್ದ, ಬಲ ಹೆಗಲು. ಡಿಸೋಜಾ ಸಾರ್ ನನ್ನ ಪಕ್ಕ ನಿಂತು, "ನೋವಿದ್ರೂ ಎತ್ತಿದ್ದಾನೆ ನೋಡು, ಒಳ್ಳೇ ಹುಡುಗ" ಎಂದರು. ನಾನು ಕಣ್ಣೊರೆಸಿಕೊಂಡೆ.

ಎರಡು ತಿಂಗಳ ಮೇಲೆ ಅವನ ಪ್ರಾಜೆಕ್ಟು ಮುಗಿಯಿತು, ಕಂಪನಿ ಬಹಳ ಜನರನ್ನು ತೆಗೆಯಿತು. ಬೇರೆ ಕೆಲಸ ಸಿಗದಿದ್ದರೆ ಊರಿಗೆ ಟಿಕೆಟು. ಅವನು ನೇರ ಡಿಸೋಜಾ ಸಾರ್ ಹತ್ತಿರ ಹೋದ. "ಸ್ಟೋರಲ್ಲಿ ಭಾರ ಎತ್ಲಿಕ್ಕೆ ಉಂಟು ಮಗಾ, ನಿನ್ನ ಭುಜಕ್ಕೆ ಆಗ್ಲಿಕ್ಕಿಲ್ಲ" ಎಂದು ಅವರು ತಲೆ ಸವರಿ ಕಳಿಸಿದರು. ಅಂಗಿ ಬಿಚ್ಚಿ ತೋರಿಸುತ್ತೇನೆ ಎಂದನಂತೆ. ಮರೆಮಾಚುತ್ತಿದ್ದಾನೆಂದು ಅವರು ಇನ್ನಷ್ಟು ಮರುಗಿದರಂತೆ. ಅಲ್ಲಿಂದ ಅವನು ನನ್ನ ಕೌಂಟರಿಗೆ ಬಂದ. ಎದುರಿಗೆ ಗಿರಾಕಿಗಳಿದ್ದರು.

"ಅಣ್ಣ, ನನ್ನ ಭುಜ ಹೋಗಿದೆ ಅಂತ ಹೇಳಿದ್ದು ಯಾರು?"

ಸುಧಾಕರಣ್ಣ, ಅವನ ಮುಖ ನೋಡಿದೆ. ನಾನು ಎಂದು ಹೇಳಲು ಬಾಯಿ ತೆರೆದೆ ಎಂದು ಬರೆದರೆ ನಿಮಗೆ ಸಂತೋಷವಾದೀತು. ತೆರೆದದ್ದು ಬೇರೆಯದಕ್ಕೆ.

"ಸುಧಾಕರಣ್ಣ" ಎಂದೆ. "ನಿನ್ನನ್ನು ಅಗ್ಗಕ್ಕೆ ತಗೊಳ್ಳಿಕ್ಕೆ ಹೇಳಿದ್ದು. ನಾನು ಬೇಡ ಬೇಡ ಅಂದೆ."

 "ಅವ್ರು ನನ್ನನ್ನು ಮಗನೇ ಅಂತ ಕರೀತಿದ್ರಲ್ಲ" ಎಂದ. ಊರಿಗೆ ಹೋದರೆ ಮೊದಲು ನಿಮ್ಮ ಮನೆಗೆ ಹೋಗಿ ಅತ್ತಿಗೆಯ ಕಾಲಿಗೆ ಬೀಳಬೇಕೆಂದುಕೊಂಡಿದ್ದನಂತೆ. ಫೋನು ತೆಗೆದು, ಅದರ ಮೇಲೆ ಇಟ್ಟುಕೊಂಡಿದ್ದ ನಿಮ್ಮ ಫೋಟೊವನ್ನು ನನ್ನೆದುರೇ ಅಳಿಸಿದ. "ಹಾಗಾದ್ರೆ ಸತ್ತದ್ದು ಒಳ್ಳೇದೇ ಆಯ್ತು" ಎಂದ. ನಾನು ತಡೆಯಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದು, "ನೀವೊಬ್ರು ಕೈ ಎತ್ತಿದ್ರಿ ಅಣ್ಣ, ಮರೀಲಿಕ್ಕಿಲ್ಲ" ಎಂದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವನು ನಾನು, ಉಂಡವರು ನೀವಿಬ್ಬರು.

ಕಳೆದ ವಾರ ಡಿಸೋಜಾ ಸಾರ್ ಮತ್ತೆ ಫೋನು ಮಾಡಿದರು. ಸ್ಟೋರಿನಲ್ಲಿ ಒಂದು ಜಾಗ ಖಾಲಿ ಇದೆ, ಕೆಲಸ ಸಿಗದೆ ಊರಿಗೆ ಮರಳಿದ ನಿತೇಶನಿಗೆ ವೀಸಾ ಕಳಿಸಬಹುದು. "ಆ ಹುಡುಗ ಮನಸ್ಸಿನಿಂದ ಹೋಗುದಿಲ್ಲ ಯಶವಂತಾ. ಭುಜ ವಾಸಿ ಆಗಿದ್ರೆ ಕರೆಸುವ. ನೀನು ಹೇಳಿದ್ರೆ ಸಾಕು, ನಿನ್ನ ಕಣ್ಣು ತಪ್ಪುದಿಲ್ಲ" ಎಂದರು. ಒಂದೇ ಒಂದು ಮಾತು ಸಾಕಿತ್ತು. ಆದರೆ ವಾಸಿಯಾಗಿದೆ ಎಂದು ಹೇಳಿ ಅವನನ್ನು ಕರೆಸಿದರೆ, ನಾಳೆ ಇಬ್ಬರೂ ಎದುರುಬದುರು ಕೂತು ಮಾತಾಡುವುದಿಲ್ಲವೇ? ಯಾವ ಇಂಜೆಕ್ಷನ್ ಎಂದು ಅವನು ಕೇಳುವುದಿಲ್ಲವೇ? ಆಮೇಲೆ ಈ ಊರಿನಲ್ಲಿ ನನ್ನ ಹೆಸರು ಏನಾಗಬೇಕು?

"ಖಲಾಸ್ ಸಾರ್, ಅವನಿಗೆ ಮುಂದೆ ಏನೂ ಇಲ್ಲ" ಎಂದೆ.

ನಿನ್ನೆ ಊರಿನಿಂದ ಯಾರೋ ಒಂದು ವಿಡಿಯೊ ಕಳಿಸಿದ್ದಾರೆ. ನಿತೇಶ ಈಗ ಮೀನಿನ ಧಕ್ಕೆಯಲ್ಲಿದ್ದಾನೆ. ಬೋಟಿನಿಂದ ಲಾರಿಗೆ ಐಸು ತುಂಬಿದ ಪೆಟ್ಟಿಗೆ ಹೊರುತ್ತಾನೆ, ಒಂದರ ಮೇಲೊಂದು, ಎರಡೆರಡು. ಎರಡು ಸಲ ನೋಡಿದೆ. ಭುಜಕ್ಕೆ ಏನೂ ಆಗಿಲ್ಲ ಸುಧಾಕರಣ್ಣ. ಅದು ನಿಮಗೆ ಗೊತ್ತು, ನನಗೆ ಗೊತ್ತು. ನೀವಂತೂ ಇನ್ನು ಬಾಯಿ ಬಿಡುವಂತಿಲ್ಲ. ನಾನು ಬಿಡುವುದಿಲ್ಲ.