ತಟ್ಟೆ ಬಡಿಯುವವಳ ಕೊನೆಯ ಕರೆ

ಒಳಗಾಲದ ಇನ್ನೂರ ಹದಿನಾರನೆಯ ವರ್ಷ,
ಅಣಬೆ ಕುಯ್ಲಿನ ಮಾರನೆಯ ದಿನ

ನಾಟಕಕರ್ತೃ ವಸುಮತಿ ಅಮ್ಮನವರ ಪಾದಗಳಿಗೆ ಪಾಪಮ್ಮ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಿಮ್ಮ ಕಾಲ ಕಳೆದು ಎಷ್ಟೋ ತಲೆಮಾರುಗಳಾದ ಮೇಲಿನವರು ನಾವು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೇಲಿನ ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಕೋಲಾರದ ಹಳೆಯ ಚಿನ್ನದ ಗಣಿಯೊಳಗೆ ಇಳಿದರು. ಅಂದಿನಿಂದ ಎಣಿಸುವ ಕಾಲವನ್ನು ಒಳಗಾಲ ಎನ್ನುತ್ತೇವೆ. ನಾನು ಇಲ್ಲೇ ಹುಟ್ಟಿದವಳು, ಆಕಾಶ ಕಂಡವಳಲ್ಲ.

ಹಾಗೆಂದು ಅಯ್ಯೋ ಪಾಪ ಎನ್ನಬೇಡಿ. ಮುದ್ದೆ ಇದೆ, ಅಣಬೆ ಸಾರು ಇದೆ, ಜಗಳವಾಡಲು ಓರಗಿತ್ತಿ ಎಲ್ಲಮ್ಮ ಇದ್ದಾಳೆ. ಇಲ್ಲದಿರುವುದು ಬೆಳಕು ಮಾತ್ರ. ದೀಪಗಳೆಲ್ಲ ರಾಗಿ ಪೈರಿಗೆ ಮೀಸಲು, ಮನುಷ್ಯರಿಗೆ ಊಟದ ಹೊತ್ತಿಗಷ್ಟೇ. ಉಳಿದ ಹೊತ್ತು ನಮಗೆ ಕಿವಿಯೇ ಕಣ್ಣು. ಅದಕ್ಕೇ ಊರ ನಡುವೆ ಕಿವಿಮನೆ ಕಟ್ಟಿಕೊಂಡಿದ್ದೇವೆ. ಎಲ್ಲರೂ ಒಟ್ಟಿಗೆ ಕೂತು ಕೇಳುವ ಹಜಾರ ಅದು. ಅಲ್ಲಿರುವುದು ಹಿಡಿ ತಿರುಗಿಸಿದರೆ ಮಾತಾಡುವ ಒಂದೇ ಒಂದು ಪೆಟ್ಟಿಗೆ, ಅದರೊಳಗೆ ಇರುವುದು ನಿಮ್ಮ ಧ್ವನಿ ನಾಟಕ ‘ನಿದ್ದೆಗೇಡಿ’.

ಚಂದ್ರನ ಮೇಲಿನ ಊರಿನಲ್ಲಿ ಕೂತು ನಾಟಕ ಬರೆಯುವ ನಿಮ್ಮ ಕುಮುದಿನಿಯೂ, ಅವಳ ಕನಸಿಗೆ ಬಂದು ಕಾಡುವ ದನಿಗಳೂ ನಮಗೆ ಬಾಯಿಪಾಠ. ಚಂದ್ರ ಅಂದರೆ ಏನೆಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಅದು ಬೇರೆ ಮಾತು! ಸುರಂಗ ಕುಸಿದು ದೀಪಗಳೆಲ್ಲ ಆರಿಹೋದ ವರ್ಷ ಜನ ಕಂಗಾಲಾಗಿ ಓಡಿಹೋಗದೆ ಕೂತಲ್ಲೇ ಕೂತಿದ್ದು ನಿಮ್ಮ ನಾಟಕ ಕೇಳುತ್ತಾ. ಆಗ ನನ್ನವ್ವನ ಹೊಟ್ಟೆಯಲ್ಲಿ ನಾನಿದ್ದೆ. ನಾನು ಬದುಕಿರುವುದು ನಿಮ್ಮಿಂದ, ತಾಯಿ. ನನ್ನ ಮಗಳಿಗೆ ಕುಮುದಿನಿ ಎಂದೇ ಹೆಸರಿಟ್ಟಿದ್ದೇನೆ.

ಇಷ್ಟು ಕೊಟ್ಟವರನ್ನು ಕರೆಯದೆ ನಾಟಕ ಶುರುಮಾಡುವುದು ಹೇಗೆ? ಮೊದಲು ಕಂಚಿನ ತಟ್ಟೆ ಬಡಿದು, ನಿಮ್ಮ ಹೆಸರನ್ನು ಮೂರು ಸಲ ಕೂಗಬೇಕು. ಆಮೇಲೆ ಊರಿಗೆ ಊರೇ ‘ಬಾರವ್ವಾ’ ಎನ್ನಬೇಕು. ಆ ತಟ್ಟೆ ಬಡಿಯುವ ಮನೆತನ ನಮ್ಮದು. ಅಜ್ಜಿ ಬಡಿದಳು, ಅವ್ವ ಬಡಿದಳು, ಈಗ ನಾನು. ನನ್ನ ಕಂಠ ಮೂರು ಸುರಂಗಕ್ಕೆ ಕೇಳುತ್ತದೆಂದು ನನಗೆ ಸ್ವಲ್ಪ ಜಂಬವೂ ಇತ್ತು.

ಮೊನ್ನೆ ಎಲ್ಲಮ್ಮ ಪೆಟ್ಟಿಗೆಯ ಕೆಟ್ಟುಹೋಗಿದ್ದ ಭಾಗವನ್ನು ರಿಪೇರಿ ಮಾಡಿದಳು. ನಾವ್ಯಾರೂ ಎಂದೂ ಕೇಳಿರದ ಮಾತುಗಳು ಅದರಿಂದ ಹೊರಟವು. ಕುಮುದಿನಿಯದಲ್ಲ, ಸ್ವತಃ ನಿಮ್ಮವು. “ಕೇಳುಗರೇ, ಇದು ಕಟ್ಟುಕತೆ ಅಲ್ಲ. ಕಣ್ಣು ಮುಚ್ಚಿದ್ರೆ ಸಾಕು, ಕತ್ತಲಲ್ಲಿ ಯಾರೋ ತಟ್ಟೆ ಬಡೀತಾರೆ. ಒಬ್ಬ ಹೆಂಗಸು ನನ್ನ ಹೆಸರು ಮೂರು ಸಲ ಕೂಗ್ತಾಳೆ. ಆಮೇಲೆ ನೂರಾರು ಜನ ಬಾ ಅಂತಾರೆ. ನಿದ್ದೆಯಿಲ್ಲದೆ ಹುಚ್ಚು ಹಿಡಿಯೋ ಹಾಗಾಗಿದೆ. ಕೊನೇ ಭಾಗ ಬರೆಯೋಕಾಗುತ್ತೋ ಇಲ್ವೋ.” ಕೊನೆಯ ಭಾಗ ನಮ್ಮ ಪೆಟ್ಟಿಗೆಯಲ್ಲಿ ಇಲ್ಲ.

ಎಲ್ಲಮ್ಮ ನನ್ನ ಕೈ ಹಿಡಿದುಕೊಂಡಳು. “ಅಯ್ಯೋ ಪಾಪಿ, ಅದು ನಮ್ ತಟ್ಟೆ ಸದ್ದಲ್ವೇನೇ!”

ನನ್ನ ಜಂಬ ಅಲ್ಲೇ ಇಳಿಯಿತು. ಪೂಜೆ ಎಂದುಕೊಂಡು ನಾವು ನಿಮ್ಮ ಜೀವ ಹಿಂಡಿದ್ದೆವು. ಕರೆಯುವುದನ್ನು ನಿಲ್ಲಿಸೋಣ ಎಂದೆ. ಊರು ಸೇರಿತು, ಗಲಾಟೆಯಾಯಿತು. ಕರೆಯದಿದ್ದರೆ ಆ ಕನಸೇ ಬೀಳುವುದಿಲ್ಲ, ಕನಸು ಬೀಳದಿದ್ದರೆ ಅಮ್ಮ ನಾಟಕವನ್ನೇ ಬರೆಯದೆ ಹೋದಾರು, ನಾಳೆ ಹಿಡಿ ತಿರುಗಿಸಿದಾಗ ಪೆಟ್ಟಿಗೆ ಮೂಕವಾಗಿದ್ದರೆ ಈ ಕತ್ತಲಲ್ಲಿ ನಮ್ಮ ಗತಿಯೇನು ಎಂದು ಹಿರಿಯರು ಅತ್ತರು. ಸುಳ್ಳೇಕೆ, ನನಗೂ ಭಯವಾಯಿತು. ಆಗ ಎಲ್ಲಮ್ಮ ಎದ್ದು ನಿಂತಳು. “ಆದ್ರೆ ಆಗ್ಲಿ ಬಿಡ್ರಪ್ಪ. ಆಯಮ್ಮ ಇಷ್ಟು ದಿನ ಕೊಟ್ಟಿದ್ದು ಸಾಲ್ದಾ? ನೆಮ್ಮದಿಯಾಗಿ ನಿದ್ದೆನಾದ್ರೂ ಮಾಡ್ಲಿ.” ಅಳುತ್ತಿದ್ದ ಹಿರಿಯರೇ ಕಣ್ಣೊರೆಸಿಕೊಂಡು ‘ಹಾಗೇ ಆಗಲಿ’ ಎಂದರು.

ಇಲ್ಲಿಂದ ನಿಮ್ಮ ಕಾಲಕ್ಕೆ ಅಂಚೆಯಿಲ್ಲ. ಅದಕ್ಕೇ ಊಟದ ಹೊತ್ತಿನ ದೀಪ ಆರುವ ಮೊದಲು ಕಿವಿಮನೆಯಲ್ಲಿ ನಿಂತು ಇದನ್ನು ಮೆಲ್ಲಗೆ ಓದುತ್ತಿದ್ದೇನೆ. ಕೂಗು ಮುಟ್ಟಿದ ಮೇಲೆ ಪಿಸುಮಾತೂ ಮುಟ್ಟೀತು. ತಟ್ಟೆಯನ್ನು ತೊಳೆದು ಅಡುಗೆಮನೆಗೆ ಕೊಟ್ಟುಬಿಟ್ಟೆ. ಅದರಲ್ಲಿ ಮುದ್ದೆ ಉಣ್ಣುವಾಗ ಮಗಳು ಚಮಚದಿಂದ ಕುಟ್ಟಿದಳು, ಗದರಿಸಿದೆ. ಅಷ್ಟು ಸದ್ದು ಕೇಳಿಸಿದ್ದರೆ ಮಗು ಎಂದು ಮನ್ನಿಸಿ.

ಕೊನೆಯ ಭಾಗ ಬರೆದರೆ ನಮ್ಮ ಪುಣ್ಯ. ಬರೆಯದಿದ್ದರೂ ನಮ್ಮ ಕೃತಜ್ಞತೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು. ಒಂದೇ ಕೋರಿಕೆ, ತಾಯಿ. ನಾಳೆ ಕಣ್ಣು ಮುಚ್ಚಿದಾಗ ಯಾರೂ ಕರೆಯದಿದ್ದರೆ, ಪಾಪ ಇವರೆಲ್ಲ ಸತ್ತುಹೋದರೇನೋ ಎಂದು ಗಾಬರಿಯಾಗಿ ಏಳಬೇಡಿ. ಎಲ್ಲರೂ ಇಲ್ಲೇ ಇದ್ದೇವೆ. ನೀವು ಮಲಗಿದ್ದೀರೆಂದು ಸುಮ್ಮನೆ ಕೂತಿದ್ದೇವೆ.