ಮೇಡಂ ಹೊಡೆದುಹಾಕಿದ ಸಾಲು

ಅಪ್ಪನಿಗೆ,

“ನಮ್ಮ ಬೀಗದ ಕೆಲಸದ ಬಗ್ಗೆ ಏನು ಬರೆದೆ?” ಅಂತ ನೀನು ಫೋನಿನಲ್ಲಿ ಕೇಳಿದಾಗ ಮಾತು ತೇಲಿಸಿಬಿಟ್ಟೆ. ಆಮದು ಸುಂಕ ಇಳಿಸಿದ್ದರಿಂದ ಬೀಗ ಕೊಳ್ಳುವವರಿಗೆ ಎಷ್ಟು ಲಾಭವಾಯಿತು ಎಂದು ತಿಳಿಯುವುದು ನನ್ನ ಸಂಶೋಧನೆಯ ಮೊದಲ ಉದ್ದೇಶ. ಬೀಗ ಮಾಡುವವರು ಏನಾದರು ಎಂಬುದನ್ನೂ ಅದರ ಕೆಳಗೆ ಬರೆದಿದ್ದೆ. ಗೈಡ್ ಮೇಡಂ, “ಇದು ಉದ್ದೇಶ ಅಲ್ಲಮ್ಮಾ, ಗೋಳು,” ಅಂತ ಹೊಡೆದುಹಾಕಿದರು. ವಾದ ಮಾಡಿದರೆ ಬೀಗದವನ ಮಗಳು ಅಂತ ಗೊತ್ತಾಗಿಬಿಡುತ್ತದೆ ಎಂದು ಹೆದರಿ, ಸರಿ ಅಂತ ತಲೆಯಾಡಿಸಿದೆ. ಅವತ್ತೂ ಹಾಸ್ಟೆಲ್ ಕೋಣೆಗೆ ಹಾಕಿ ಹೋಗಿದ್ದು ನೀನು ಮಾಡಿದ ಬೀಗವನ್ನೇ.

ಸೋಮವಾರ ಆ ಸಾಲನ್ನು ಮತ್ತೆ ಸೇರಿಸಿ ಕೊಡುತ್ತೇನೆ. ಸಂಶೋಧನೆಗೆ ಮನೆಯವರನ್ನು ನಾನೇ ಪ್ರಶ್ನೆ ಕೇಳುವಂತಿಲ್ಲ, ಹಾಗಾಗಿ ನಿನ್ನನ್ನು ಕೇಳಲು ಗೆಳತಿ ಬರುತ್ತಾಳೆ. ಅಮ್ಮನಿಗೆ ದಿನಾ ಹೇಳುವ ಹಾಗೆ ಅವಳಿಗೂ “ವ್ಯಾಪಾರ ಚೆನ್ನಾಗಿದೆ” ಅನ್ನಬೇಡ ಅಪ್ಪಾ.

ನಿನ್ನ
ಪುಟ್ಟಿ