ಹಿಂದಿನ ಸೀಟಿನವರಿಗೆ

ಭಾನುವಾರ, ಅಕ್ಟೋಬರ್ ೧೪

ಪ್ರೀತಿಯ ಇವರಿಗೆ,

'ಪ್ರೀತಿಯ' ಎನ್ನುವುದು ಕೈರೂಢಿಯಿಂದ ಬಂದುಬಿಟ್ಟಿತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ ಬಿಡಿ.

ಅಕ್ಕನ ಮನೆಗೆಂದು ಹೊರಟವಳು ಅಲ್ಲಿಗೆ ಹೋಗಲಿಲ್ಲ. ಮೂರು ವರ್ಷದ ಹಿಂದೆ ಹುಡುಗಿಯರ ಸೈಕಲ್ ತಂಡಕ್ಕೆ ಮುಖ್ಯ ತರಬೇತುದಾರಳಾಗಿ ಬನ್ನಿ ಎಂದು ನನ್ನನ್ನು ಕರೆದಿದ್ದರಲ್ಲ, ಆ ಶಾಲೆಯ ಊರಿನಲ್ಲಿದ್ದೇನೆ. ಆ ಕುರ್ಚಿಯಲ್ಲಿ ಈಗ ನನಗಿಂತ ಹದಿನೈದು ವರ್ಷ ಚಿಕ್ಕವಳೊಬ್ಬಳು ಕೂತಿದ್ದಾಳೆ. ಅವಳ ಕೈಕೆಳಗೆ ಸಹಾಯಕಿಯಾಗಿ ಹೋದ ವಾರ ಸೇರಿಕೊಂಡೆ.

ಕಾರಣ ನಿಮಗೆ ಗೊತ್ತು. ಆದರೂ ನನ್ನ ಬಾಯಿಂದ ಒಮ್ಮೆ ಕೇಳಿಸಿಕೊಳ್ಳಿ.

ಭಾನುವಾರ ಬಂತೆಂದರೆ ಹೊಳೆದಂಡೆಯ ದಾರಿಯಲ್ಲಿ, ಎರಡು ಸೀಟು, ಎರಡು ಜೊತೆ ಪೆಡಲಿನ ನಮ್ಮ ಜೋಡಿ ಸೈಕಲ್ ಸವಾರಿ. ಮುಂದೆ ನಾನು, ಹಿಂದೆ ನೀವು. ದೋಣಿಕಟ್ಟೆ ದಾಟಿದರೆ ಜೊಂಡಿನ ಪೊದೆಗಳು, ಅದಾದ ಮೇಲೆ ಇಟ್ಟಿಗೆ ಗೂಡು, ಮರಳದಿಣ್ಣೆಯ ಮೇಲೆ ಕೊಕ್ಕರೆಗಳ ಸಾಲು, ಕೊನೆಗೆ ಹಳೇ ಸೇತುವೆಯ ಏರು. ಮೂರು ವರ್ಷಕ್ಕೂ ಹಿಂದಿನಿಂದ ಆ ಏರು ಹತ್ತುವುದೇ ನನಗೆ ಕಷ್ಟವಾಗಿತ್ತು. ಎದೆ ಡವಡವ, ತೊಡೆ ಕಲ್ಲು. ನೀವು ಮಾತ್ರ ಹಿಂದಿನಿಂದ ಹದಿನೇಳು ಕೊಕ್ಕರೆ, ಹದಿನೆಂಟು ಕೊಕ್ಕರೆ ಎಂದು ಎಣಿಸುತ್ತಿದ್ದಿರಿ. ಆ ಏರಿನಲ್ಲಿ ಎಣಿಸುವಷ್ಟು ಉಸಿರು ಈ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂದು ನನಗೊಮ್ಮೆಯೂ ಹೊಳೆಯಲಿಲ್ಲ. ಮಕ್ಕಳಿಗೆ ವ್ಯಾಯಾಮ ಕಲಿಸುವವಳು ನಾನು, ನನ್ನ ಬುದ್ಧಿಗೆ ಇಷ್ಟು ಮಂಕು ಕವಿದಿತ್ತು.

ವಯಸ್ಸಾಯಿತು ಎಂದಿರಿ, ನಂಬಿದೆ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ನಿಮ್ಮ ಔಷಧಿ ಅಂಗಡಿಯಿಂದ ಕಬ್ಬಿಣಾಂಶದ ಮಾತ್ರೆ ತಂದು, ನೀರಿನ ಲೋಟದ ಜೊತೆ ಕೈಗಿಟ್ಟಿರಿ. ನುಂಗಿದೆ. ಈ ಕೆಲಸದ ಕರೆ ಬಂದಾಗ, ಸೇತುವೆ ಏರಲಾರದವಳು ಹುಡುಗಿಯರಿಗೆ ಏನು ಕಲಿಸುತ್ತೀಯೆ ಎಂದು ಎಷ್ಟು ಮೆತ್ತಗೆ ಕೇಳಿದಿರಿ! 'ಆರೋಗ್ಯದ ಕಾರಣ ಒಪ್ಪಲಾಗುತ್ತಿಲ್ಲ' ಎಂಬ ಪತ್ರವನ್ನೂ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಿರಿ. ನಾನು ಸಹಿ ಮಾಡಿ, ಬಚ್ಚಲಿಗೆ ಹೋಗಿ ಅತ್ತೆ. ಅದು ನಿಮಗೆ ಗೊತ್ತಿಲ್ಲ.

ಹೋದ ತಿಂಗಳು ನಿಮಗೆ ಕೆಮ್ಮು ಹಿಡಿದು, ನಿಮ್ಮ ಅಕ್ಕನ ಮಗಳನ್ನು ಹಿಂದೆ ಕೂರಿಸಿಕೊಂಡು ಹೋದೆನಲ್ಲ? ಕಡ್ಡಿಯಂಥ ಹುಡುಗಿ. ಸೇತುವೆಯ ಏರು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಏನೇ ಇಷ್ಟು ಶಕ್ತಿ ನಿನಗೆ ಎಂದು ಹೊಗಳಿದೆ. ಅವಳು ನಾಚಿಕೊಂಡು ಹೇಳಿದಳು: "ಅಲ್ಲ ಅತ್ತೆ, ನಾನೂ ತುಳಿದುಬಿಟ್ಟೆ. ಹಿಂದೆ ಕೂತವರು ತುಳಿಯೋದೇ ಬೇಡ, ಸುಮ್ನೆ ಕಾಲಿಟ್ಟಿದ್ರೆ ಪೆಡಲ್ ತಾನೇ ತಿರುಗುತ್ತೆ, ನಾನು ಹಾಗೇ ಮಾಡೋದು ಅಂತ ಮಾವ ಹೇಳಿಕೊಟ್ಟಿದ್ರು."

ಸೋದರ ಸೊಸೆಯ ಮುಂದೆ ಜಾಣತನ ಕೊಚ್ಚಿಕೊಳ್ಳದೆ ನಿಮಗೆ ಇರಲಾಗಲಿಲ್ಲ.

ನಾನು ಆಗಲೂ ನಂಬಲಿಲ್ಲ ಕಣ್ರೀ. ತಮಾಷೆಗೆ ಹೇಳಿರುತ್ತಾರೆ ಎಂದುಕೊಂಡೆ. ಮುಂದಿನ ಭಾನುವಾರ ಅದೇ ಏರಿನ ನಡುವೆ, ನಿಮಗೆ ಹೇಳದೆ, ಬೇಕೆಂದೇ ತುಳಿಯುವುದನ್ನು ನಿಲ್ಲಿಸಿದೆ. ಒಂದೇ ಒಂದು ಸುತ್ತು ನೀವು ತುಳಿದಿದ್ದರೆ ಸಾಕಿತ್ತು, ಆ ಹುಡುಗಿಯನ್ನೇ ಸುಳ್ಳಿ ಎನ್ನುತ್ತಿದ್ದೆ. ಸೈಕಲ್ ಅಲ್ಲೇ ನಿಂತಿತು. ನೀವು ಇಳಿದು ಬಂದು, ನನ್ನ ಹಣೆಯ ಬೆವರೊರೆಸಿ, "ಸುಸ್ತಾಯ್ತಾ? ಪಾಪ, ಮಾತ್ರೆ ತಗೊಂಡ್ಯಾ ಬೆಳಿಗ್ಗೆ?" ಎಂದಿರಿ.

ಈ ಕೆಲಸಕ್ಕಾಗಿ ವಾರದಲ್ಲಿ ನಾಲ್ಕು ದಿನ ಮನೆ ಬಿಟ್ಟಿರುವುದು ಬೇಡ ಎಂದು ನೀವು ನೇರವಾಗಿ ಹೇಳಿದ್ದರೆ ಜಗಳವಾಡುತ್ತಿದ್ದೆವು. ಗೆದ್ದರೂ ಸೋತರೂ ನನ್ನ ಕಾಲುಗಳ ಮೇಲೆ ನನಗೆ ನಂಬಿಕೆ ಉಳಿಯುತ್ತಿತ್ತು. ನೀವು ಅದನ್ನೇ ಕಿತ್ತುಕೊಂಡಿರಿ, ಅದೂ ಬೆವರೊರೆಸುತ್ತಾ. ಇದನ್ನು ನಾನು ಮರೆಯಲಾರೆ, ಕ್ಷಮಿಸುವ ಮನಸ್ಸೂ ಇಲ್ಲ.

ಇಲ್ಲಿ ಬೆಳಿಗ್ಗೆ ಹುಡುಗಿಯರ ಜೊತೆ ಗುಡ್ಡದ ರಸ್ತೆ ಹತ್ತುತ್ತೇನೆ. ಅರ್ಧಕ್ಕರ್ಧ ಜನ ನನ್ನ ಹಿಂದೆಯೇ ಇರುತ್ತಾರೆ. ನನಗೆ ಏನೂ ಆಗಿಲ್ಲ, ಯಾವತ್ತೂ ಆಗಿರಲಿಲ್ಲ. ನನ್ನನ್ನು ಹುಡುಕಿಕೊಂಡು ಬರಬೇಡಿ, ಈ ಕಾಗದಕ್ಕೆ ಉತ್ತರವನ್ನೂ ಬರೆಯಬೇಡಿ.

ಇಂತಿ,
ಮುಂದಿನ ಸೀಟಿನವಳು

ತಾ.ಕ.: ಸೈಕಲ್ ಕೊಂಡ ಮೊದಲ ದಿನ ಸೇತುವೆಯ ಮೇಲೆ ಇಬ್ಬರೂ ಕುಸಿದು ಕೂತೆವು. ಮಾತಾಡಲೂ ಆಗದಷ್ಟು ಏದುಸಿರು ನಿಮಗೆ. ನಿಮ್ಮನ್ನು ನೋಡಿ ನಾನು, ನನ್ನನ್ನು ನೋಡಿ ನೀವು, ಬಹಳ ಹೊತ್ತು ನಕ್ಕಿದ್ದೆವು. ಒಂದು ವಾರದಿಂದ ನನಗೆ ಅದೇ ಯೋಚನೆ. ಆ ಏದುಸಿರು ನಿಜವಾಗಿದ್ದರೆ ಒಂದು ಸಾಲು ಬರೆಯಿರಿ. ಅಲ್ಲವಾದರೆ ಬರೆಯಬೇಡಿ.